ಎರಡು ನೌಕರಿ, ಒಂದೇ ನಿವೃತ್ತಿ

ಮೇ ತಿಂಗಳ ಕೊನೆಯ ದಿನ ಬಂತೆಂದರೆ ಕರ್ನಾಟಕದ ಶಾಲೆಗಳಲ್ಲಿ ಬೀಳ್ಕೊಡುಗೆಗಳ ಭರಾಟೆ. ಇದಕ್ಕೊಂದು ಕಾರಣವಿದೆ. ಹಿಂದೆ ಹಳ್ಳಿಯ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಂದೆತಾಯಿಗೆ ನೆನಪಿರುತ್ತಿರಲಿಲ್ಲ. ‘ದೊಡ್ಡ ಮಳೆ ಬಂದ ವರ್ಷ’ ಎಂದೋ ‘ಜಾತ್ರೆಯ ಮಾರನೇ ದಿನ’ ಎಂದೋ ಹೇಳುತ್ತಿದ್ದರು. ಹೆಡ್‌ಮಾಸ್ತರರು ಮಗುವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ತಾವೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಶಾಲೆ ಶುರುವಾಗುವ ಜೂನ್ 1 ಅವರ ಲೇಖನಿಗೆ ಸುಲಭವಾಗಿ ಸಿಗುವ ತಾರೀಖು. ತಿಂಗಳ ಮೊದಲ ದಿನ ಹುಟ್ಟಿದವರು ಅದರ ಹಿಂದಿನ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರದ ನಿಯಮ. ಹೀಗಾಗಿ ಮೇ 31ಕ್ಕೆ ಅಷ್ಟೊಂದು ಹಾರಗಳು, ಅಷ್ಟೊಂದು ಶಾಲುಗಳು.

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಕಡೆ ಅದು ಮಾವಿನ ಕಾಲ. ತೋಟಗಳಲ್ಲಿ ಕಾಯಿ ಕೀಳುವ ಗಡಿಬಿಡಿ, ರಸ್ತೆಯಲ್ಲಿ ಮಂಡಿಗೆ ಹೊರಟ ಟ್ರ್ಯಾಕ್ಟರುಗಳು. ಇದೇ ಹೊತ್ತಿನಲ್ಲಿ ಯಾವುದೋ ಶಾಲೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಒಬ್ಬ ಟೀಚರಮ್ಮನವರನ್ನು ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನೂ ಒಂದು ಗೋಡೆ ಗಡಿಯಾರವನ್ನೂ ಕೈಗಿಡುತ್ತಾರೆ. ಭಾಷಣ ಮಾಡಿದವರೆಲ್ಲ ಕೊನೆಗೆ ಹೇಳುವ ಮಾತು ಒಂದೇ: ‘ಅವರ ವಿಶ್ರಾಂತ ಜೀವನ ಸುಖಕರವಾಗಿರಲಿ.’

ಮೇಷ್ಟರ ವಿಷಯದಲ್ಲಿ ಈ ಹಾರೈಕೆ ಬಹುಮಟ್ಟಿಗೆ ಸರಿ. ಮಾರನೆಯ ದಿನ ಅವರು ಅರ್ಧ ಗಂಟೆ ತಡವಾಗಿ ಏಳಬಹುದು, ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಬಹುದು. ಟೀಚರಮ್ಮನವರು ಮಾತ್ರ ಎಂದಿನಂತೆ ಐದು ಗಂಟೆಗೇ ಎದ್ದು ಒಲೆ ಹಚ್ಚುತ್ತಾರೆ. ಅವರ ದಿನದಿಂದ ಬಿಟ್ಟುಹೋದದ್ದು ಎಂಟೂವರೆಯ ಬಸ್ಸು ಮಾತ್ರ. ಮದುವೆಯಾಗಿ, ಸಂಸಾರ ನಡೆಸುತ್ತಲೇ ಪಾಠ ಮಾಡಿದ ಹೆಂಗಸಿಗೆ ಇದ್ದ ನೌಕರಿಗಳು ಎರಡು. ನಿವೃತ್ತಿ ಸಿಗುವುದು ಒಂದರಿಂದ ಮಾತ್ರ.

ಇದು ವಿದ್ಯಾರ್ಥಿಗಳೂ ಪೋಷಕರೂ ಯೋಚಿಸಬೇಕಾದ ವಿಷಯ. ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಶಿಕ್ಷಕಿ. ಆಕೆಯ ನಿವೃತ್ತಿ ಹೇಗಿರಬೇಕೆಂಬುದನ್ನು ಅನೇಕ ಸಲ ತೀರ್ಮಾನಿಸುವವರು ಆಕೆಯಲ್ಲ, ಮನೆಯ ಉಳಿದವರು.

ಅತ್ತೆಯ ಅನುಭವ ನೆರವಿಗಿಲ್ಲ

ಅಡುಗೆ, ಬಾಣಂತನ, ಹಬ್ಬಹುಣ್ಣಿಮೆ ಎಲ್ಲಕ್ಕೂ ಹೆಂಗಸರಿಗೆ ಹಿರಿಯರ ಮಾರ್ಗದರ್ಶನ ಉಂಟು. ಅಮ್ಮ ಹೇಗೆ ಮಾಡಿದಳು, ಅತ್ತೆ ಹೇಗೆ ಮಾಡಿದರು ಎಂದು ನೋಡಿ ಕಲಿಯಬಹುದು. ನೌಕರಿಯಿಂದ ನಿವೃತ್ತಳಾಗುವುದು ಹೇಗೆಂದು ತೋರಿಸಿಕೊಡಲು ಬಹುಪಾಲು ಮನೆಗಳಲ್ಲಿ ಯಾರೂ ಇಲ್ಲ.

ಚರಿತ್ರೆಯನ್ನು ನೋಡಿದರೆ ಇದು ಸಹಜವೇ. ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದು 1881ರಲ್ಲಿ. ಹೆಣ್ಣುಮಕ್ಕಳ ಶಾಲೆಗಳೇನೋ ಹುಟ್ಟಿದವು, ಪಾಠ ಹೇಳಲು ಹೆಂಗಸರು ಎಲ್ಲಿಂದ ಬರಬೇಕು? ಸಂಸಾರಸ್ಥ ಮನೆತನಗಳು ಸೊಸೆಯನ್ನು ಹೊರಗೆ ಕಳಿಸುತ್ತಿರಲಿಲ್ಲ. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಒಂದು ಆಶ್ರಯವನ್ನು ತೆರೆದರು. ಮದರಾಸಿನಲ್ಲಿ ಬಾಲವಿಧವೆಯೇ ಆಗಿದ್ದ ಸೋದರಿ ಸುಬ್ಬಲಕ್ಷ್ಮಿಯವರು (1886-1969) ತಮ್ಮಂಥ ಹುಡುಗಿಯರನ್ನು ಓದಿಸಿ ಶಿಕ್ಷಕಿಯರನ್ನಾಗಿ ಮಾಡಿದರು. ಆ ಕಾಲದ ಶಿಕ್ಷಕಿಯರಲ್ಲಿ ಬಹಳ ಮಂದಿಗೆ ಶಾಲೆಯೇ ಮನೆ.

ಇದು ಭಾರತದ ಕತೆ ಮಾತ್ರವಲ್ಲ. ಇಂಗ್ಲೆಂಡಿನ ಅನೇಕ ಕಡೆ ಶಿಕ್ಷಕಿ ಮದುವೆಯಾದರೆ ನೌಕರಿ ಬಿಡಬೇಕೆಂಬ ಕಟ್ಟಳೆ ಇತ್ತು. ಅದನ್ನು ತೆಗೆದುಹಾಕಿದ್ದು 1944ರ ಶಿಕ್ಷಣ ಕಾಯ್ದೆ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಇಂಥದೇ ನಿಷೇಧ 1934ರಿಂದ 1958ರವರೆಗೆ ಜಾರಿಯಲ್ಲಿತ್ತು. ಮದುವೆಯಾಗಿಯೂ ಪೂರ್ತಿ ಸೇವೆ ಮುಗಿಸಿ ಪಿಂಚಣಿ ಪಡೆಯುವ ಹೆಂಗಸು, ಜಗತ್ತಿನ ಲೆಕ್ಕದಲ್ಲೂ ಹೊಸಬಳೇ.

ಕರ್ನಾಟಕದ ಹಳ್ಳಿಗಳಲ್ಲಿ ಈ ಹೊಸಬರ ಸಂಖ್ಯೆ ಒಮ್ಮೆಲೇ ಏರಿದ್ದು 1990ರ ದಶಕದಲ್ಲಿ. ಎಚ್.ಜಿ. ಗೋವಿಂದೇಗೌಡರು 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದಾಗ ಅಂಕಗಳ ಆಧಾರದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರ ನೇಮಕ ನಡೆಯಿತು. ಶಿಫಾರಸು ಇಲ್ಲದ, ದುಡ್ಡೂ ಇಲ್ಲದ ಬಡ ಮನೆಯ ಹುಡುಗಿಯರು ಟಿಸಿಎಚ್ ಅಂಕಪಟ್ಟಿ ಹಿಡಿದು ಬಂದು ಆದೇಶ ಪತ್ರ ಪಡೆದು ಹೋದರು. ಅವರಲ್ಲಿ ಹಲವರು ತಮ್ಮ ವಂಶದಲ್ಲಿ ಸಂಬಳ ಎಣಿಸಿದ ಮೊದಲ ಹೆಂಗಸರು. ಅವರು ಈಗ ಒಬ್ಬೊಬ್ಬರಾಗಿ ಅರವತ್ತು ತಲುಪುತ್ತಿದ್ದಾರೆ. ನಿವೃತ್ತಿಯ ವಯಸ್ಸನ್ನು ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿದ್ದು 2008ರಲ್ಲಿ. ಬರುವ ಹತ್ತು ವರ್ಷಗಳಲ್ಲಿ ಇಂಥ ಬೀಳ್ಕೊಡುಗೆಗಳು ಊರೂರಲ್ಲೂ ನಡೆಯಲಿವೆ.

ಒಂದು ಸಣ್ಣ ಲೆಕ್ಕ

ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರ ಬಗ್ಗೆ ಒಂದು ಲೆಕ್ಕ ಹಾಕಿ ನೋಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಕೆಲಸ, ಪಾಠದ ಸಿದ್ಧತೆಯೂ ಸೇರಿ, ವಾರಕ್ಕೆ ಕನಿಷ್ಠ 45 ಗಂಟೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ 88 ನಿಮಿಷ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಆಗಿದ್ದವು.

289ನ್ನು ಏಳರಿಂದ ಗುಣಿಸಿ ಅರವತ್ತರಿಂದ ಭಾಗಿಸಿದರೆ ವಾರಕ್ಕೆ ಸುಮಾರು 34 ಗಂಟೆ. ಇದು ಮನೆಗೆಲಸದಲ್ಲಿ ತೊಡಗುವ ಎಲ್ಲ ಹೆಂಗಸರ ಸರಾಸರಿ. ನೌಕರಿಯಲ್ಲಿರುವವರಿಗೆ ಕೊಂಚ ಕಡಿಮೆ ಇದ್ದೀತು. ಹಾಗೆಂದು ಕಾಲು ಭಾಗ ಕಳೆದರೂ ಶಾಲೆಯ 45ರ ಜೊತೆಗೆ ಮನೆಯ 25 ಗಂಟೆ ಸೇರಿ ವಾರಕ್ಕೆ 70 ಗಂಟೆಯ ದುಡಿಮೆ. ಚುನಾವಣೆ, ಜನಗಣತಿ, ಬಸ್ಸಿಗೆ ಕಾಯುವುದು ಇವೆಲ್ಲ ಇದರ ಹೊರಗೆ.

ನಿವೃತ್ತಿಯ ದಿನ ಈ ಎಪ್ಪತ್ತರಿಂದ 45 ಕಳೆಯಬೇಕು, ಉತ್ತರ 25 ಬರಬೇಕು. ಎಷ್ಟೋ ಮನೆಗಳಲ್ಲಿ ಹಾಗೆ ಬರುವುದಿಲ್ಲ.

ಗೌನಿಪಲ್ಲಿ ಹೋಬಳಿಯ ಯಾವುದಾದರೂ ಹಳ್ಳಿಯಲ್ಲಿ ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ನಾಲ್ಕು ಎಕರೆ ಮಾವಿನ ತೋಟ, ಒಂದಿಷ್ಟು ಟೊಮೆಟೊ. ಮಗ ಬೆಂಗಳೂರಿನಲ್ಲಿ ನೌಕರ, ಸೊಸೆಯೂ ಕೆಲಸಕ್ಕೆ ಹೋಗುವವಳು, ಎರಡು ವರ್ಷದ ಮೊಮ್ಮಗು. ನಿವೃತ್ತಿಗೆ ಇನ್ನೂ ಆರು ತಿಂಗಳಿರುವಾಗಲೇ ಮಗನ ಫೋನು: “ಅಮ್ಮಾ, ಜೂನಿಂದ ನಿಂಗೆ ಸ್ಕೂಲಿರಲ್ವಲ್ಲ, ಇಲ್ಲಿಗೇ ಬಂದ್ಬಿಡು. ಪಾಪೂನ ಬೇರೆಯವರ ಹತ್ರ ಬಿಡೋದು ತಪ್ಪುತ್ತೆ.” ಯಜಮಾನರ ಯೋಜನೆಯೇ ಬೇರೆ: “ಕೂಲಿಯೋರ ಊಟ ಇನ್ಮೇಲೆ ಮನೇಲೇ ಆಗ್ಲಿ ಬಿಡು, ಹೋಟ್ಲಿಂದ ತರ್ಸೋ ಖರ್ಚು ಉಳೀತದೆ.” ಪಕ್ಕದ ಮನೆಯಾಕೆ: “ಟೀಚರಮ್ಮಾ, ಸಾಯಂಕಾಲ ನಮ್ಮ ಹುಡುಗನ್ಗೆ ಒಂಚೂರು ಲೆಕ್ಕ ಹೇಳ್ಕೊಡಿ, ಹೆಂಗೂ ಮನೇಲೇ ಇರ್ತೀರಲ್ಲ.”

ಕೇಳಿದವರು ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರ ಕೋರಿಕೆಯೂ ಸಣ್ಣದೇ, ನ್ಯಾಯವಾದದ್ದೇ. ಒಟ್ಟು ಕೂಡಿಸಿದಾಗ ಮಾತ್ರ ಅದು 45 ಗಂಟೆಯನ್ನೂ ಮೀರುತ್ತದೆ. ‘ಹೆಂಗೂ ಮನೇಲೇ ಇರ್ತೀರಲ್ಲ’ ಎಂಬ ಮಾತನ್ನು ನಿವೃತ್ತರಾದ ಮೇಷ್ಟರಿಗೆ ಯಾರೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಹೇಳುವುದು ‘ದುಡಿದಿದ್ದೀರಿ, ಇನ್ನು ಆರಾಮಾಗಿರಿ’ ಎಂದು.

ಕರಗುವ ಮಂಜುಗಡ್ಡೆ

ಎಂಟನೇ ತರಗತಿ ದಾಟಿದ ವಿದ್ಯಾರ್ಥಿಗಳಿಗೆ ಗುಪ್ತೋಷ್ಣದ ಪಾಠ ನೆನಪಿರಬೇಕು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖ ಒಳಗೆ ಹೋಗುತ್ತಿದ್ದರೂ ಉಷ್ಣಮಾಪಕದ ಪಾದರಸ ಮೇಲೇರುವುದಿಲ್ಲ. ನೋಡುವವರಿಗೆ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ಶಾಖವೆಲ್ಲ ಸ್ಥಿತಿಯನ್ನು ಬದಲಿಸುವುದಕ್ಕೇ ಖರ್ಚಾಗುತ್ತಿರುತ್ತದೆ. ಇದೇ 80 ಕ್ಯಾಲೊರಿ ಆಮೇಲೆ ಆ ಒಂದು ಗ್ರಾಂ ನೀರನ್ನು ಎಂಬತ್ತು ಡಿಗ್ರಿಯವರೆಗೆ ಬಿಸಿ ಮಾಡಬಲ್ಲದು.

ನಿವೃತ್ತಿಯ ಮೊದಲ ವರ್ಷ ಹೀಗೆಯೇ. ಟೀಚರಮ್ಮ ಎಂದಿನಂತೆ ಓಡಾಡುತ್ತಾರೆ, ಮಾತಾಡುತ್ತಾರೆ. ಆದರೂ ಮಧ್ಯಾಹ್ನ ಮೂರೂವರೆಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಸೊಸೆ ಪಾತ್ರೆಯನ್ನು ಬೇರೆ ಕಡೆ ಇಟ್ಟರೆ ತರಗತಿಯ ದನಿಯಲ್ಲಿ ಮಾತು ಬಂದುಬಿಡುತ್ತದೆ. ‘ಪಿಂಚಣಿ ಬರ್ತದೆ, ಮಕ್ಕಳು ಚೆನ್ನಾಗಿದ್ದಾರೆ, ಇವಳಿಗೇನು ಕೊರತೆ?’ ಎಂದು ಮನೆಯವರು ಕೇಳುತ್ತಾರೆ. ಪಾದರಸ ಏರದಿದ್ದರೂ ಒಳಗೆ ಶಾಖ ಖರ್ಚಾಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1976ರ ತಮ್ಮ ಪುಸ್ತಕದಲ್ಲಿ ನಿವೃತ್ತಿಯನ್ನು ಹಂತಗಳಾಗಿ ವಿಂಗಡಿಸಿದರು. ಮೊದಲು ಮಧುಚಂದ್ರದಂಥ ಉತ್ಸಾಹ, ಅದು ಇಳಿದಾಗ ನಿರಾಸೆ, ನಂತರ ದಾರಿಯನ್ನು ಮತ್ತೆ ಗೊತ್ತುಮಾಡಿಕೊಳ್ಳುವ ಕಾಲ, ಆಮೇಲೆ ಸ್ಥಿರತೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗುತ್ತಾರೆಂದಿಲ್ಲ. ನಿರಾಸೆಯ ಹಂತ ಬಂದರೆ ಅದು ರೋಗವಲ್ಲ, ದಾಟಿಹೋಗುವಂಥದು ಎಂದು ತಿಳಿದಿದ್ದರೆ ಅರ್ಧ ಭಾರ ಇಳಿಯುತ್ತದೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಯಾರೊಂದಿಗೂ ಮಾತು ಬೇಡವೆನಿಸಿದರೆ ಮಾತ್ರ ವೈದ್ಯರನ್ನು ಕಾಣಲು ಸಂಕೋಚ ಪಡಬಾರದು.

ಗಂಡನೂ ಮೊದಲೇ ನಿವೃತ್ತನಾಗಿದ್ದರೆ ಇನ್ನೊಂದು ಸಮಸ್ಯೆ. ಜಪಾನಿನ ವೈದ್ಯ ನೊಬುವೊ ಕುರೊಕಾವಾ 1991ರಲ್ಲಿ ‘ನಿವೃತ್ತ ಗಂಡನ ವ್ಯಾಧಿ’ ಎಂಬ ಹೆಸರನ್ನು ಬಳಕೆಗೆ ತಂದರು. ಕಾಯಿಲೆ ಗಂಡನದಲ್ಲ. ಗಂಡ ಇಡೀ ದಿನ ಮನೆಯಲ್ಲಿ ಕುಳಿತು ಗಂಟೆಗೊಮ್ಮೆ ಚಹ ಕೇಳತೊಡಗಿದಾಗ ಹೆಂಡತಿಗೆ ಬರುವ ತಲೆನೋವು, ಹೊಟ್ಟೆನೋವು! ಮೂವತ್ತು ವರ್ಷ ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಮಾತ್ರ ಒಬ್ಬರನ್ನೊಬ್ಬರು ನೋಡಿದ ದಂಪತಿಗಳು ದಿನವಿಡೀ ಒಟ್ಟಿಗೆ ಇರುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಪಿಂಚಣಿ ಯಾರದು?

ನಿವೃತ್ತಿಯ ದಿನಗಳಲ್ಲಿ ಒಮ್ಮೆಲೇ ಕೈಗೆ ಬರುವ ಹಣ ದೊಡ್ಡದು. ಉಪದಾನ, ಗಳಿಕೆ ರಜೆಯ ನಗದು, ಕೆಜಿಐಡಿ, ಭವಿಷ್ಯ ನಿಧಿ, ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದ ಮೊತ್ತ. ಜೀವನದಲ್ಲಿ ಎಂದೂ ನೋಡದಷ್ಟು ಹಣ ಒಂದೇ ಪಾಸ್‌ಬುಕ್ಕಿನಲ್ಲಿ ಕಾಣಿಸುತ್ತದೆ. ಅದರ ಸುದ್ದಿ ಆಕೆಗಿಂತ ಮೊದಲೇ ನೆಂಟರಿಗೆ ತಲುಪಿರುತ್ತದೆ.

ಕೋಲಾರ ಸೀಮೆಯಲ್ಲಿ ಈ ಹಣಕ್ಕೆ ಒಂದು ವಿಶೇಷ ಅಪಾಯವಿದೆ. ಅದು ಕೊಳವೆಬಾವಿ. ಶಾಶ್ವತ ನದಿಯಿಲ್ಲದ ಈ ಜಿಲ್ಲೆಯಲ್ಲಿ ಅಂತರ್ಜಲ ಪಾತಾಳ ಸೇರಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದ್ದರೂ ಸಾವಿರ ಅಡಿ ದಾಟಿ ಕೊರೆದು ಬರೀ ದೂಳು ಕಂಡ ರೈತರು ಇಲ್ಲಿ ಅನೇಕ. ‘ಇನ್ನೊಂದು ಇನ್ನೂರು ಅಡಿ ಹೋದರೆ ನೀರು ಗ್ಯಾರಂಟಿ’ ಎಂಬ ಮಾತಿಗೆ ಕೊನೆಯಿಲ್ಲ. ಮೂವತ್ತು ವರ್ಷ ಸೀಮೆಸುಣ್ಣದ ದೂಳು ಕುಡಿದು ಗಳಿಸಿದ್ದನ್ನು ಎರಡು ದಿನದಲ್ಲಿ ಕಲ್ಲಿನ ದೂಳು ಮಾಡಿಬಿಡುವುದು ಸುಲಭ. ಅದರ ನಂತರದ ಸಾಲಿನಲ್ಲಿ ಮಗನ ಸೈಟು, ಮಗಳ ಮದುವೆ, ಮೈದುನನ ವ್ಯಾಪಾರ, ಹೆಚ್ಚು ಬಡ್ಡಿಯ ಆಸೆ ತೋರಿಸುವ ಚೀಟಿ.

ಮನೆಯ ಕಷ್ಟಕ್ಕೆ ಕೊಡಬಾರದೆಂದಲ್ಲ. ಕೊಡುವ ಮೊದಲು ಕೆಲವು ಸಂಗತಿಗಳು ತಿಳಿದಿರಬೇಕು. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡವಾಗಿ ಪಡೆಯಬಹುದು. ಹಾಗೆ ಪಡೆದರೆ ತಿಂಗಳ ಪಿಂಚಣಿ ಅಷ್ಟು ಕಡಿಮೆಯಾಗಿ, ಆ ಭಾಗ ಮತ್ತೆ ಸೇರುವುದು ಹದಿನೈದು ವರ್ಷಗಳ ನಂತರ. ಅಂದರೆ ಎಪ್ಪತ್ತೈದರ ವಯಸ್ಸಿಗೆ. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ಇದೆ. 2023ರಿಂದ ಅದರ ಮಿತಿ 30 ಲಕ್ಷ ರೂಪಾಯಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. 2006ರ ಏಪ್ರಿಲ್ 1 ಮತ್ತು ಅನಂತರ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟವರು. ಅವರಿಗೆ ಕೊನೆಯ ಸಂಬಳದ ಅರ್ಧದಷ್ಟು ಪಿಂಚಣಿ ಎಂಬ ಹಳೆಯ ಲೆಕ್ಕ ಅನ್ವಯವಾಗದ ಕಾರಣ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಮನೆಯನ್ನೋ ಜಮೀನನ್ನೋ ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನು ಕೇಳಿ ತಿಳಿಯುವುದು ಒಳ್ಳೆಯದು. ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ, ಮಾತು ತಪ್ಪಿದಾಗ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಲು ದಾರಿ ಸುಲಭ.

ಎಲ್ಲಕ್ಕಿಂತ ಮುಖ್ಯವಾದದ್ದು ಪಾಸ್‌ಬುಕ್ಕು ಯಾರ ಕೈಯಲ್ಲಿದೆ ಎಂಬುದು. ನೌಕರಿಯ ದಿನಗಳಲ್ಲಿ ಸಂಬಳದ ದಿನ ಬ್ಯಾಂಕಿಗೆ ತಾವೇ ಹೋಗುತ್ತಿದ್ದ ಎಷ್ಟೋ ಹೆಂಗಸರು, ನಿವೃತ್ತಿಯ ನಂತರ ಎಟಿಎಂ ಕಾರ್ಡನ್ನು ಗಂಡನ ಅಥವಾ ಮಗನ ಜೇಬಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಮಾತ್ರೆಗೂ ಕೈ ಚಾಚಬೇಕು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1982ರ ಡಿಸೆಂಬರ್ 17ರಂದು ನಕಾರ ಪ್ರಕರಣದಲ್ಲಿ, ಪಿಂಚಣಿ ಸರ್ಕಾರದ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯಬೇಕಾದ ಹಕ್ಕು ಎಂದು ಸಾರಿತು. ಅದಕ್ಕೇ ಪ್ರತಿ ಡಿಸೆಂಬರ್ 17 ಪಿಂಚಣಿದಾರರ ದಿನ. ಸರ್ಕಾರದ ಎದುರು ಹಕ್ಕಾದದ್ದು ಮನೆಯೊಳಗೂ ಹಕ್ಕೇ. ನವೆಂಬರಿನಲ್ಲಿ ‘ಬದುಕಿದ್ದೇನೆ’ ಎಂದು ಪ್ರಮಾಣಪತ್ರ ಕೊಡುವ ಕೆಲಸವೊಂದಕ್ಕೆ ಮಾತ್ರ ಆಕೆ ಬ್ಯಾಂಕಿಗೆ ಹೋಗುವಂತಾಗಬಾರದು. 2014ರಿಂದ ಆ ಪ್ರಮಾಣವನ್ನು ಬೆರಳಚ್ಚಿನ ಮೂಲಕ ಕಂಪ್ಯೂಟರಿನಲ್ಲೂ ಕೊಡಬಹುದಾಗಿದೆ.

ಮೈಯ ಮಾತು

ಶಾಲೆಯ ಕೆಲಸ ಮೈಯಲ್ಲಿ ಗುರುತು ಬಿಟ್ಟಿರುತ್ತದೆ. ದಿನವಿಡೀ ನಿಂತು ಕಾಲಿನ ರಕ್ತನಾಳಗಳು ಉಬ್ಬಿರುತ್ತವೆ. ಮೂವತ್ತು ನಲವತ್ತು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ದನಿ ಒಡೆದಿರುತ್ತದೆ. ಹಳ್ಳಿಯ ಶಾಲೆಗಳಲ್ಲಿ ಶೌಚಾಲಯವಿಲ್ಲದ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನೀರನ್ನೇ ಕುಡಿಯದೆ ಇರುವ ಅಭ್ಯಾಸ ಮಾಡಿಕೊಂಡರು. ಸೌಕರ್ಯ ಬಂದ ಮೇಲೂ, ನೌಕರಿ ಮುಗಿದ ಮೇಲೂ ಅಭ್ಯಾಸ ಉಳಿದಿರುತ್ತದೆ. ಅದನ್ನು ಬೇಕೆಂದೇ ಬಿಡಬೇಕು.

ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆಗಳು ಬೇಗ ಸವೆಯುತ್ತವೆ. ಅರವತ್ತರ ಹೆಂಗಸು ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆಗೆ ಏಟು. ಈ ವಿಷಯದಲ್ಲಿ ಕೋಲಾರದವರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇರುವುದು ಹತ್ತಿರ ಹತ್ತಿರ ಹತ್ತು ಮಿಲಿಗ್ರಾಂ. ಮಗನ ಮನೆಗೆ ಹೋದಮೇಲೂ ಮುದ್ದೆ ಬಿಡದಿರುವುದು, ಬೆಳಗಿನ ಬಿಸಿಲಲ್ಲಿ ನಡೆಯುವುದು, ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆ ನೋಡಿಸಿಕೊಳ್ಳುವುದು ದೊಡ್ಡ ಖರ್ಚಿನ ಬಾಬುಗಳಲ್ಲ.

ಮಿದುಳಿನ ವಿಷಯಕ್ಕೆ ಬಂದರೆ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನ ನೆನೆಯಬೇಕು. ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಆರಂಭಿಸಿದ ಈ ಕೆಲಸದಲ್ಲಿ 678 ಮಂದಿ ಕ್ರೈಸ್ತ ಸಂನ್ಯಾಸಿನಿಯರು ಪಾಲ್ಗೊಂಡರು. ಅವರಲ್ಲಿ ಹೆಚ್ಚಿನವರು ಶಿಕ್ಷಕಿಯರಾಗಿದ್ದವರು. ಸಿಸ್ಟರ್ ಮೇರಿ ಎಂಬುವರು 84ನೇ ವಯಸ್ಸಿನವರೆಗೆ ಸ್ವಲ್ಪವಾದರೂ ಪಾಠ ಮಾಡುತ್ತಿದ್ದರು. 101ರವರೆಗೆ ಬದುಕಿ, ಕೊನೆಯವರೆಗೂ ಬುದ್ಧಿ ಚುರುಕಾಗಿತ್ತು. ಮರಣಾನಂತರ ನೋಡಿದಾಗ ಅವರ ಮಿದುಳಿನಲ್ಲಿ ಆಲ್ಝೈಮರ್ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು! ಒಬ್ಬರ ಉದಾಹರಣೆಯಿಂದ ನಿಯಮ ಮಾಡಲಾಗದು. ಮಿದುಳಿನ ಹಾನಿ ಮತ್ತು ಬುದ್ಧಿಯ ಶಕ್ತಿ ಒಂದಕ್ಕೊಂದು ನೇರ ಗೆರೆಯಲ್ಲಿ ಸಾಗುವುದಿಲ್ಲ ಎಂಬುದಷ್ಟು ಇದರಿಂದ ತಿಳಿಯುತ್ತದೆ.

ಮನೆಯಲ್ಲೊಂದು ವೇಳಾಪಟ್ಟಿ

ಮೊಮ್ಮಗುವಿನ ಜೊತೆ ಇರುವುದು ಅಜ್ಜಿಗೆ ಸಂತೋಷವೇ. ಕಷ್ಟ ಬರುವುದು ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂದು ಮೊದಲೇ ಮಾತಾಡಿಕೊಳ್ಳದಿದ್ದಾಗ. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ, ಪರಿಚಯದ ಮುಖವೊಂದೂ ಕಾಣದೆ, ಊರಿನಲ್ಲಿ ಯಜಮಾನರು ಒಬ್ಬರೇ ಏನು ಉಣ್ಣುತ್ತಾರೋ ಎಂದು ಯೋಚಿಸುತ್ತ ಕೂರುವುದು ವಿಶ್ರಾಂತಿಯಲ್ಲ. ಮೂವತ್ತು ವರ್ಷ ರಸ್ತೆಯಲ್ಲಿ ಹೋದರೆ ಹತ್ತು ಜನ ‘ನಮಸ್ಕಾರ ಮೇಡಂ’ ಎನ್ನುತ್ತಿದ್ದವರಿಗೆ ಅಲ್ಲಿ ಹೆಸರೇ ಇರುವುದಿಲ್ಲ.

ಶಾಲೆ ನಡೆಸಲು ವೇಳಾಪಟ್ಟಿ ಬೇಕೆಂದು ಒಪ್ಪುವವರು ಮನೆಗೂ ಒಂದನ್ನು ಮಾಡಿಕೊಳ್ಳಬಹುದು. ನಿವೃತ್ತಿಗೆ ಮೂರು ತಿಂಗಳ ಮುಂಚೆ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ವಾರದ ಕೆಲಸಗಳನ್ನು ಬರೆಯಲಿ. ಯಾವ ಕೆಲಸ ಯಾರ ಪೀರಿಯಡ್ಡು ಎಂದು ಹೆಸರು ಹಾಕಲಿ. ಯಜಮಾನರ ಹೆಸರಿನ ಮುಂದೆ ದಿನಕ್ಕೆ ಎರಡಾದರೂ ಬೀಳಲಿ. ರಜೆಗೆ ಬಂದ ಮೊಮ್ಮಕ್ಕಳಿಗೂ ಒಂದು. ಟೀಚರಮ್ಮನ ಹೆಸರಿನ ಮುಂದೆ ದಿನಕ್ಕೆ ಎರಡು ಗಂಟೆ ಖಾಲಿ ಬಿಡಬೇಕು. ಆ ಖಾಲಿ ಜಾಗಕ್ಕೆ ಯಾರೂ ಕೆಲಸ ಹುಡುಕಿಕೊಡಬೇಕಾಗಿಲ್ಲ. ಅರ್ಧಕ್ಕೆ ನಿಂತ ಸಂಗೀತವೋ, ನೋಡದ ಊರೋ, ಬರೀ ನಿದ್ದೆಯೋ, ಅದು ಅವರ ಇಷ್ಟ.

ಪಲ್ಲಿ ಮತ್ತು ಹಳ್ಳಿ

ಮನೆಯ ಆಚೆಗೆ ಇನ್ನೊಂದು ನಷ್ಟವಿದೆ. ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಗೌನಿಪಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು. ಇಲ್ಲಿನ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಬರುವ ಮಗು ಬಾಯಾರಿದರೆ ಕೇಳುವುದು ‘ನೀಳ್ಳು’. ಹಾಲಿಗೆ ಅದು ‘ಪಾಲು’ ಎನ್ನುತ್ತದೆ, ಹುಲಿಗೆ ‘ಪುಲಿ’, ಹಂದಿಗೆ ‘ಪಂದಿ’, ಹೂವಿಗೆ ‘ಪುವ್ವು’, ಹಣ್ಣಿಗೆ ‘ಪಂಡು’. ಅನುಭವಿ ಟೀಚರಮ್ಮ ಇದನ್ನು ತಪ್ಪೆಂದು ಹೊಡೆದುಹಾಕುವುದಿಲ್ಲ. ಹಳೆಗನ್ನಡದಲ್ಲೂ ‘ಪಾಲ್’, ‘ಪುಲಿ’ ಎಂದೇ ಇತ್ತು. ಕನ್ನಡದ ‘ಪ’ ಕಾಲಕ್ರಮದಲ್ಲಿ ಪದದ ಮೊದಲಲ್ಲಿ ‘ಹ’ ಆಯಿತು, ತೆಲುಗಿನಲ್ಲಿ ಆಗಲಿಲ್ಲ. ಒಂದು ಸೂತ್ರ ಹಿಡಿದರೆ ಹತ್ತಾರು ಪದ ಮಗುವಿನ ಕೈಗೆ ಬರುತ್ತವೆ. ಊರಿನ ಹೆಸರೇ ಅದಕ್ಕೆ ಪಾಠ: ಇಲ್ಲಿ ‘ಪಲ್ಲಿ’ ಎಂದದ್ದೇ ಕೋಲಾರದ ಆಚೆ ಪಡುವಣಕ್ಕೆ ಹೋದರೆ ‘ಹಳ್ಳಿ’.

ಇಂಥ ಉಪಾಯಗಳು ಬಿಎಡ್ ಪುಸ್ತಕದಲ್ಲಿ ಸಿಗುವುದು ಅಪರೂಪ. ಯಾವ ಮಗು ಹಸಿದು ಬಂದಿದೆ, ಮಾವಿನ ಕಾಲದಲ್ಲಿ ಯಾರು ಶಾಲೆ ಬಿಡುತ್ತಾರೆ, ಹುಡುಗಿಯನ್ನು ಏಳನೇ ತರಗತಿಗೆ ನಿಲ್ಲಿಸಲು ಹೊರಟ ತಂದೆಯ ಹತ್ತಿರ ಹೇಗೆ ಮಾತಾಡಬೇಕು ಎಂಬುದೂ ಅಷ್ಟೆ. ಮೂವತ್ತು ವರ್ಷದ ಈ ಗಳಿಕೆ ಬೀಳ್ಕೊಡುಗೆಯ ದಿನ ಹಣ್ಣಿನ ಬುಟ್ಟಿಯ ಜೊತೆ ಮನೆಗೆ ಹೋಗಿಬಿಡುತ್ತದೆ. ಬೇರೆ ಜಿಲ್ಲೆಯಿಂದ ಬಂದ ಹೊಸ ಶಿಕ್ಷಕಿ ಎಲ್ಲವನ್ನೂ ಮೊದಲಿಂದ ಕಲಿಯಬೇಕು.

ನಿವೃತ್ತರನ್ನು ಪುಕ್ಕಟೆಯಾಗಿ ಶಾಲೆಗೆ ಕರೆಸಿ ಪಾಠ ಮಾಡಿಸುವುದು ಇದಕ್ಕೆ ಪರಿಹಾರವಲ್ಲ. ಖಾಲಿ ಹುದ್ದೆಯನ್ನು ತುಂಬಬೇಕಾದದ್ದು ಸರ್ಕಾರ. ಆಕೆಯ ಪ್ರೀತಿಯನ್ನು ಅದಕ್ಕೆ ತೇಪೆಯಾಗಿ ಬಳಸಬಾರದು. ಆಕೆಗೆ ಇಷ್ಟವಿದ್ದರೆ ಬೇರೆ ದಾರಿಗಳಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ವಾರಕ್ಕೊಂದು ಗಂಟೆ ಅಲ್ಲಿ ಕತೆ ಓದಿಸಬಹುದು. ಎಸ್‌ಡಿಎಂಸಿ ಸಭೆಗೆ ಹೋಗಿ ಒಂದು ಮಾತು ಹೇಳಬಹುದು. ಪಕ್ಕದ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡುವುದಾದರೆ ಅದಕ್ಕೆ ಫೀಸು ಕೇಳುವುದರಲ್ಲೂ ತಪ್ಪಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇನ್ನೂ ಸುಲಭ. ಹೈಸ್ಕೂಲಿನ ಇಬ್ಬರು ಮಕ್ಕಳು ಒಂದು ನೋಟ್‌ಬುಕ್ಕು ಹಿಡಿದು ವಾರಕ್ಕೊಂದು ಸಲ ತಮ್ಮ ಹಳೆಯ ಟೀಚರಮ್ಮನ ಮನೆಗೆ ಹೋಗಲಿ. ತೆಲುಗು ಮಾತಾಡುವ ಮಗುವಿಗೆ ಮೊದಲ ದಿನ ಏನು ಹೇಳಿಕೊಡುತ್ತಿದ್ದಿರಿ, ಎರಡನೇ ವಾರ ಏನು, ಯಾವ ಅಕ್ಷರ ಎಲ್ಲರಿಗೂ ಕಷ್ಟ, ಯಾವ ಹಾಡಿಗೆ ಅಳುವ ಮಗು ಸುಮ್ಮನಾಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಲಿ. ಇನ್ನೂ ನಿವೃತ್ತರಾಗದವರಾದರೆ ಆ ಬರವಣಿಗೆ ಮಾರ್ಚಿ ತಿಂಗಳಲ್ಲೇ ಶುರುವಾಗಬೇಕು. ಹಾಗಾದರೆ ಜೂನಿನಲ್ಲಿ ‘ಪಾಲು’ ಎಂದು ಕೇಳುವ ಮಗು ತರಗತಿಗೆ ಬರುವ ಹೊತ್ತಿಗೆ, ಆ ನೋಟ್‌ಬುಕ್ಕು ಹೊಸ ಶಿಕ್ಷಕಿಯ ಮೇಜಿನ ಮೇಲಿರುತ್ತದೆ.